ದಿನ ಸರಿಯಿಲ್ಲವೆಂದು ಹಿಂದಕ್ಕೆ ಕಳಿಸಿದ ಸ್ಕ್ಯಾನ್ ಸೆಂಟರ್

ದಾವಣಗೆರೆಯ ಹಳೆಯ ಬಡಾವಣೆಯೊಂದರಲ್ಲಿರುವ ಈ ಸ್ಕ್ಯಾನ್ ಸೆಂಟರಿಗೆ ನಾವು ಮೊದಲ ಸಲ ಹೋದ ದಿನ ಅಲ್ಲಿ ಸ್ಕ್ಯಾನ್ ಆಗಲೇ ಇಲ್ಲ. ಸ್ತನದ ಎಂಆರ್‌ಐ ಮಾಡಿಸಲು ಹೊಳಲ್ಕೆರೆ ತಾಲ್ಲೂಕಿನ ಹಳ್ಳಿಯಿಂದ ಬೆಳಗಿನ ಮೊದಲ ಬಸ್ಸಿಗೆ ಹೊರಟು ಬಂದಿದ್ದ ಅತ್ತಿಗೆಯನ್ನು, ಕೌಂಟರಿನಲ್ಲಿದ್ದ ಹುಡುಗಿ ದುಡ್ಡಿನ ಮಾತೆತ್ತುವ ಮೊದಲೇ, ಕೊನೆಯ ಸಲ ಮುಟ್ಟಾದದ್ದು ಯಾವಾಗ ಎಂದು ಕೇಳಿದಳು. ಲೆಕ್ಕ ಹಾಕಿದರೆ ಅಂದು 27ನೆಯ ದಿನ. ಒಳಗೆ ಹೋಗಿ ವೈದ್ಯರನ್ನು ಕೇಳಿಕೊಂಡು ಬಂದವಳು, "ಇವತ್ತು ಬೇಡ ಅಂದ್ರಮ್ಮ, ಮುಟ್ಟಾದ ಏಳನೇ ದಿನದಿಂದ ಹದಿನಾಲ್ಕನೇ ದಿನದೊಳಗೆ ಬನ್ನಿ" ಎಂದು ಒಂದು ಚೀಟಿ ಬರೆದುಕೊಟ್ಟಳು. ಅತ್ತಿಗೆಗೆ ಬೇಸರವಾಯಿತು, ಜೊತೆಗೆ ಬಂದಿದ್ದ ಅಣ್ಣನಿಗೆ ಸಿಟ್ಟೇ ಬಂತು. ನನಗೆ ಮಾತ್ರ ಆ ಚೀಟಿ ಕಂಡು ಸಮಾಧಾನವಾಯಿತು. ಬಾಗಿಲಿಗೆ ಬಂದ ಗಿರಾಕಿಯನ್ನು ಹಾಗೆ ಕಳಿಸುವ ಸೆಂಟರಿನ ಬಗ್ಗೆ ನಾಲ್ಕು ಮಾತು ಬರೆಯಬೇಕೆಂದು ಅಂದೇ ಅಂದುಕೊಂಡೆ.

ನಾನು ಇಪ್ಪತ್ತಾರು ವರ್ಷ ರೇಡಿಯಾಲಜಿ ವಿಭಾಗದಲ್ಲಿ ಟೆಕ್ನಿಷಿಯನ್ ಆಗಿದ್ದೆ. ಸ್ಕ್ಯಾನ್ ತೆಗೆದವಳೇ ಹೊರತು ವರದಿ ಬರೆದವಳಲ್ಲ; ಆದರೆ ವರದಿಗಳು ಎಲ್ಲಿ ಜಾರುತ್ತವೆ ಎಂಬುದನ್ನು ಪಕ್ಕದ ಕುರ್ಚಿಯಲ್ಲಿ ಕುಳಿತು ಸಾಕಷ್ಟು ನೋಡಿದ್ದೇನೆ. ಇಲ್ಲಿ ಬರುವ ಎರಡು ಸೆಂಟರುಗಳ ಹೆಸರನ್ನೂ ಬಿಟ್ಟಿದ್ದೇನೆ. ಒಂದನ್ನು ಹೊಗಳಿ ಇನ್ನೊಂದನ್ನು ತೆಗಳುವುದಕ್ಕಿಂತ, ಸ್ತನದ ಎಂಆರ್‌ಐಗೆ ಹೋಗುವವರು ಯಾವ ಸೆಂಟರಿನಲ್ಲಾದರೂ ಏನನ್ನು ಕೇಳಿ ಪಡೆಯಬಹುದು ಎಂಬುದು ನನಗೆ ಮುಖ್ಯ.

ಹಿನ್ನೆಲೆ ಇಷ್ಟು. ಅತ್ತಿಗೆಗೆ 44 ವರ್ಷ. ಅವರ ತಾಯಿಗೆ 46ನೆಯ ವಯಸ್ಸಿನಲ್ಲಿ ಸ್ತನದ ಕ್ಯಾನ್ಸರ್ ಬಂದಿತ್ತು. ಹಿಂದಿನ ವರ್ಷದ ಮ್ಯಾಮೊಗ್ರಾಂನಲ್ಲಿ (ಸ್ತನದ ಎಕ್ಸ್‌ರೇ) ಸ್ತನದ ಅಂಗಾಂಶ ಬಹಳ ದಟ್ಟವಾಗಿದೆ ಎಂದಿದ್ದುದರಿಂದ, ವೈದ್ಯರು ಎಂಆರ್‌ಐ ಮಾಡಿಸಲು ಹೇಳಿದ್ದರು. ಮೊದಲು ಬೇರೊಂದು ಸೆಂಟರಿನಲ್ಲಿ ಮಾಡಿಸಿದರು. ಅಲ್ಲಿ ಮುಟ್ಟಿನ ದಿನವನ್ನು ಯಾರೂ ವಿಚಾರಿಸಲಿಲ್ಲ (ಅದು 24ನೆಯ ದಿನವಾಗಿತ್ತೆಂಬುದು ಆಮೇಲೆ ತಿಳಿಯಿತು), ಹಳೆಯ ಮ್ಯಾಮೊಗ್ರಾಂ ಫಿಲ್ಮ್ ಚೀಲದಲ್ಲಿದ್ದರೂ ತೆಗೆಯಿರಿ ಎನ್ನಲಿಲ್ಲ, ಒಂದು ಗಂಟೆಯೊಳಗೆ ವರದಿ ಕೈಗೆ ಬಂತು. ಎರಡೂ ಸ್ತನಗಳಲ್ಲಿ ಕಾಂಟ್ರಾಸ್ಟ್ (ಚಿತ್ರದಲ್ಲಿ ಬೆಳಗಲೆಂದು ರಕ್ತನಾಳಕ್ಕೆ ಚುಚ್ಚುವ ದ್ರಾವಣ) ಹೀರುವ ಹಲವು ಸಣ್ಣ ಚುಕ್ಕೆಗಳಿವೆ, ಎಡಗಡೆ ಒಂದು ಗಂಟು ಬೇಗ ಹೀರಿ ಬೇಗ ಬಿಡುತ್ತಿದೆ, ಬೈ-ರಾಡ್ಸ್ (ಕ್ಯಾನ್ಸರಿನ ಅನುಮಾನದ ಮಟ್ಟ ಹೇಳುವ ಅಂಕಿ) 4, ಬಯಾಪ್ಸಿ ಮಾಡಿಸುವುದು ಎಂದು ಅದರಲ್ಲಿತ್ತು. ಯಾವ ಚುಕ್ಕೆಯ ಬಯಾಪ್ಸಿ, ಅದು ಎಷ್ಟು ದೊಡ್ಡದು, ಮೊಲೆತೊಟ್ಟಿನಿಂದ ಎಷ್ಟು ದೂರದಲ್ಲಿದೆ ಎಂಬ ವಿವರವಿರಲಿಲ್ಲ. ಅಂದು ರಾತ್ರಿ ಅಣ್ಣ ನನಗೆ ಫೋನ್ ಮಾಡಿ, "ಎರಡೂ ಕಡೆ ಐತೆ ಅಂತಾರಲ್ಲ, ಎರಡನ್ನೂ ತೆಗೆಸಿಬಿಟ್ರೆ ಆಗಲ್ವಾ?" ಎಂದು ಕೇಳಿದ. ಇನ್ನೊಮ್ಮೆ ನೋಡಿಸಲೆಂದೇ ನಾವು ಈ ಸೆಂಟರಿಗೆ ಬಂದದ್ದು.

ಸ್ತನದ ಎಂಆರ್‌ಐ ಓದುವಾಗ ಆಗುವ ತಪ್ಪುಗಳಲ್ಲಿ ತೀರಾ ಸಾಮಾನ್ಯವಾದದ್ದು ಮುಟ್ಟಿನ ಈ ದಿನದ್ದು. ಕಾಂಟ್ರಾಸ್ಟ್ ಚುಚ್ಚಿದ ಮೇಲೆ ಗಂಟು ಮಾತ್ರವಲ್ಲ, ಆರೋಗ್ಯವಾಗಿರುವ ಹಾಲಿನ ಗ್ರಂಥಿಯೂ ಸ್ವಲ್ಪಮಟ್ಟಿಗೆ ಬೆಳಗುತ್ತದೆ. ಹಾರ್ಮೋನಿನ ಏರಿಳಿತಕ್ಕೆ ತಕ್ಕಂತೆ ಆ ಬೆಳಗು ಹೆಚ್ಚುಕಡಿಮೆಯಾಗುತ್ತದೆ. ಮುಟ್ಟಿನ ಎರಡನೆಯ ವಾರದಲ್ಲಿ ಸಾಮಾನ್ಯವಾಗಿ ಕಡಿಮೆ, ಮುಟ್ಟು ಹತ್ತಿರ ಬಂದಾಗ ಹೆಚ್ಚು. ಹಾಲೂಡಿಸುವವರಲ್ಲಿ, ಹಾರ್ಮೋನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ಹೆಚ್ಚಾಗಿರುತ್ತದೆ, ಸ್ತನದ ಕ್ಯಾನ್ಸರಿಗೆ ಕೊಡುವ ಟಮಾಕ್ಸಿಫೆನ್ ಮಾತ್ರೆ ತೆಗೆದುಕೊಳ್ಳುವವರಲ್ಲಿ ತಗ್ಗುತ್ತದೆ. ರೇಡಿಯಾಲಜಿಸ್ಟರು ಈ ಹಿನ್ನೆಲೆಯ ಬೆಳಗನ್ನು ಅತ್ಯಲ್ಪ, ಸ್ವಲ್ಪ, ಮಧ್ಯಮ, ಅತಿ ಎಂದು ನಾಲ್ಕು ಮಟ್ಟದಲ್ಲಿ ವರದಿಯಲ್ಲಿ ದಾಖಲಿಸಬೇಕು. ಅತಿಯಾಗಿದ್ದಾಗ ಸ್ತನದ ತುಂಬ ನಕ್ಷತ್ರ ಚೆಲ್ಲಿದಂತೆ ಕಾಣುತ್ತದೆ, ಅದರಲ್ಲಿ ಒಂದೊಂದನ್ನೂ ರೋಗವೆಂದು ಎಣಿಸುತ್ತಾ ಹೋದರೆ ಮುಗಿಯುವುದಿಲ್ಲ. ಕ್ಯಾನ್ಸರ್ ಇದೆಯೆಂದು ಬಲವಾದ ಶಂಕೆಯಿದ್ದು ಚಿಕಿತ್ಸೆ ತಡವಾಗುವಂತಿದ್ದರೆ ದಿನ ನೋಡುತ್ತಾ ಕೂರಬಾರದು, ಸರಿ. ಆದರೆ ಅತ್ತಿಗೆಯಂತೆ ತಪಾಸಣೆಗೆ ಬಂದವರಿಗೆ ಹತ್ತು ದಿನ ಕಾಯುವುದರಿಂದ ನಷ್ಟವಿಲ್ಲ.

ಈ ಸೆಂಟರಿನಲ್ಲಿ ಮುಟ್ಟಿನ ದಿನ ಕೇಳಿದ ರೀತಿಯ ಬಗ್ಗೆ ಮಾತ್ರ ನನ್ನ ತಕರಾರಿದೆ. ಇಲ್ಲಿನ ಫಾರಂ ಚೆನ್ನಾಗಿದೆ: ಮುಟ್ಟಿನ ದಿನ, ಹಾರ್ಮೋನ್ ಮಾತ್ರೆ, ಹಿಂದೆ ಆದ ಬಯಾಪ್ಸಿ ಅಥವಾ ಆಪರೇಷನ್ ಮತ್ತು ಅದರ ತಾರೀಖು, ಮನೆತನದಲ್ಲಿ ಯಾರಿಗೆ ಯಾವ ವಯಸ್ಸಿನಲ್ಲಿ ಕಾಯಿಲೆ ಬಂದಿತ್ತು, ಮೂತ್ರಪಿಂಡದ ತೊಂದರೆ, ಹಳೆಯ ಫಿಲ್ಮ್‌ಗಳು ಎಲ್ಲಿವೆ, ಎಲ್ಲವೂ ಅದರಲ್ಲಿವೆ. ಬಯಾಪ್ಸಿ ಆಗಿ ಕೆಲವೇ ದಿನಗಳಾಗಿದ್ದರೆ ಅಲ್ಲಿ ಕಟ್ಟಿದ ರಕ್ತವೂ ಸುತ್ತಲಿನ ಬಾವೂ ಓದುವವರನ್ನು ದಾರಿ ತಪ್ಪಿಸುತ್ತವೆ, ಆದ್ದರಿಂದ ತಾರೀಖು ಕೇಳುವುದು ಸರಿಯೇ. ಆದರೆ ಫಾರಂ ಪೂರ್ತಿ ಇಂಗ್ಲಿಷಿನಲ್ಲಿದೆ. ಏಳನೆಯ ತರಗತಿ ಓದಿದ ಅತ್ತಿಗೆ ಅದನ್ನು ತುಂಬಲಾರದೆ ನಿಂತಾಗ, ಹುಡುಗಿ ಗಾಜಿನ ಕಿಂಡಿಯಿಂದಲೇ ಒಂದೊಂದನ್ನೂ ಕನ್ನಡದಲ್ಲಿ ಜೋರಾಗಿ ಕೇಳಿದಳು. ಮಂಡಿನೋವು, ಬೆನ್ನುನೋವು ಎಂದು ಬಂದಿದ್ದ ಏಳೆಂಟು ಜನ ಗಂಡಸರು ಬೆಂಚಿನ ಮೇಲಿದ್ದರು. ಅತ್ತಿಗೆ ಸೆರಗಿನಲ್ಲಿ ಮುಖ ಒರೆಸಿಕೊಳ್ಳುವ ನೆಪ ಮಾಡಿ, ತಲೆ ತಗ್ಗಿಸಿ, ಬೆರಳೆಣಿಸಿ ಉತ್ತರ ಕೊಟ್ಟರು. ಹೀಗೆ ಕೇಳಿದರೆ ಎಷ್ಟೋ ಹೆಂಗಸರು ಬಾಯಿಗೆ ಬಂದ ದಿನ ಹೇಳಿಬಿಡುತ್ತಾರೆ, ಆಗ ಕೇಳಿಯೂ ಕೇಳದಂತೆಯೇ.

ಎರಡನೆಯ ಸಲ ಹೋದದ್ದು 9ನೆಯ ದಿನ. ರಾತ್ರಿಯಿಂದಲೇ ಏನೂ ತಿನ್ನದೆ ಬನ್ನಿ ಎಂದು ಫೋನಿನಲ್ಲಿ ಹೇಳಿದ್ದರು, ಸ್ಕ್ಯಾನ್ ಆದದ್ದು ಹನ್ನೊಂದೂವರೆಗೆ. ಬೆಣ್ಣೆ ದೋಸೆಯ ಊರಿನಲ್ಲಿ ಒಬ್ಬರನ್ನು ಅಷ್ಟು ಹೊತ್ತು ಹಸಿದು ಕೂರಿಸುವ ಅಗತ್ಯ ನನಗೆ ಕಾಣಲಿಲ್ಲ.

ಸ್ಕ್ಯಾನ್ ಕೋಣೆಯ ಕೆಲಸ ಮಾತ್ರ ನನ್ನ ಕಸುಬಿನವರು ಮೆಚ್ಚುವಂಥದ್ದು. ಒಳಗಿದ್ದದ್ದು ಹೆಣ್ಣು ಟೆಕ್ನಿಷಿಯನ್. ತೂಕ ಎಷ್ಟೆಂದು ಕೇಳಿ ಬರೆದುಕೊಳ್ಳದೆ ತಕ್ಕಡಿಯ ಮೇಲೆ ನಿಲ್ಲಿಸಿ ನೋಡಿದರು: 62 ಕಿಲೋ. ಗೆಡೊಲಿನಿಯಂ ಕಾಂಟ್ರಾಸ್ಟಿನ ಪ್ರಮಾಣ ಕಿಲೋಗೆ 0.1 ಮಿಲಿಮೋಲ್, ಸಾಮಾನ್ಯ ಸಾಂದ್ರತೆಯ ದ್ರಾವಣದಲ್ಲಿ ಅದು ಕಿಲೋಗೆ 0.2 ಮಿ.ಲೀ. ಆಗುತ್ತದೆ, ಅಂದರೆ ಅತ್ತಿಗೆಗೆ 12.4 ಮಿ.ಲೀ. ಎಲ್ಲರಿಗೂ ಒಂದೇ ಲೆಕ್ಕದಲ್ಲಿ ಚುಚ್ಚಿಬಿಡುವುದನ್ನು ನಾನು ನೋಡಿದ್ದೇನೆ. ಕಡಿಮೆ ಬಿದ್ದರೆ ಬೆಳಗಬೇಕಾದದ್ದು ಮಂಕಾಗುತ್ತದೆ. ತಾಳಿ ತೆಗೆಯಲು ಅತ್ತಿಗೆ ಹಿಂಜರಿದಾಗ ಟೆಕ್ನಿಷಿಯನ್ ಗದರಲಿಲ್ಲ. "ನಿಮ್ಮ ನಾದಿನಿ ಕೈಯಾಗೇ ಕೊಡ್ರಿ, ಬಾಗಿಲ ಹೊರಗೇ ನಿಂತಿರ್ತಾರೆ" ಎಂದರು. ತಾಳಿ, ಮೂಗುಬೊಟ್ಟು, ಕಾಲುಂಗುರಗಳನ್ನು ನನ್ನ ಸೆರಗಿನ ತುದಿಗೆ ಗಂಟು ಹಾಕಿಕೊಂಡು ನಿಂತೆ.

ಈ ಸ್ಕ್ಯಾನಿನಲ್ಲಿ ಬೋರಲು ಮಲಗಬೇಕು, ಎರಡೂ ಸ್ತನಗಳು ಸಂಕೇತ ಹಿಡಿಯುವ ಸಾಧನವಾದ ಕಾಯಿಲ್‌ನ ಎರಡು ಗುಳಿಗಳಲ್ಲಿ ನೇರ ಕೆಳಕ್ಕೆ ಇಳಿಬಿದ್ದಿರಬೇಕು. ಚರ್ಮ ಮಡಿಸಿಕೊಂಡರೆ, ಸ್ತನ ಕಾಯಿಲ್‌ನ ಅಂಚಿಗೆ ಒತ್ತಿಕೊಂಡರೆ, ಆ ಜಾಗದಲ್ಲಿ ಕೊಬ್ಬಿನ ಹೊಳಪನ್ನು ಅಳಿಸುವ ತಂತ್ರ ಕೈಕೊಡುತ್ತದೆ. ಅಳಿಯದೆ ಉಳಿದ ಕೊಬ್ಬು ಬೆಳಗುವ ಗಂಟಿನಂತೆ ಕಾಣುತ್ತದೆ. ಟೆಕ್ನಿಷಿಯನ್ ಮಂಡಿಯೂರಿ ಕೆಳಗಿನಿಂದ ಕೈಯಾಡಿಸಿ ಎರಡೂ ಬದಿ ನೋಡಿಕೊಂಡರು, ಎಡಗಡೆಯ ಒಂದು ಮಡಿಕೆಯನ್ನು ಬಿಡಿಸಿದರು, ಎದೆಮೂಳೆಯ ಕೆಳಗೆ ಇನ್ನೊಂದು ಮೆತ್ತೆ ಇಟ್ಟರು. ಮೂರು ನಿಮಿಷದ ಕೆಲಸ. ಮೆತ್ತೆ ಇಲ್ಲದಿದ್ದರೆ ಹತ್ತು ನಿಮಿಷಕ್ಕೆ ಎದೆಮೂಳೆ ನೋಯುತ್ತದೆ, ನೋವಿಗೆ ಮೈ ಅಲುಗುತ್ತದೆ, ಅಲುಗಿದರೆ ಮುಂದಿನದೆಲ್ಲ ಹಾಳು. ಕಾಂಟ್ರಾಸ್ಟಿಗೆ ಮೊದಲು ಒಂದು ಸುತ್ತು ಚಿತ್ರ ತೆಗೆದು, ಸೆಕೆಂಡಿಗೆ 2 ಮಿ.ಲೀ. ವೇಗದಲ್ಲಿ ಚುಚ್ಚಿ, ಹಿಂದೆಯೇ 20 ಮಿ.ಲೀ. ಸಲೈನ್ ತಳ್ಳಿ, ಎರಡು ನಿಮಿಷದೊಳಗೆ ಮೊದಲ ಚಿತ್ರ ಹಿಡಿದು, ಆರೇಳು ನಿಮಿಷದವರೆಗೆ ಮತ್ತೆ ಮತ್ತೆ ಅದೇ ಜಾಗದ ಚಿತ್ರ ತೆಗೆಯುತ್ತಾರೆ. ಹೊರಗೆ ಬಂದ ಅತ್ತಿಗೆ, ಅಪ್ಪ ಕೆಲಸ ಮಾಡುತ್ತಿದ್ದ ಹತ್ತಿ ಮಿಲ್ಲಿನೊಳಗೆ ಅರ್ಧ ಗಂಟೆ ಮಲಗಿ ಬಂದಂತಾಯಿತು ಎಂದರು. ದಾವಣಗೆರೆಯ ಮಿಲ್ಲಿನ ಸದ್ದು ಕೇಳಿ ಬೆಳೆದವರಿಗೆ ಎಂಆರ್‌ಐ ಯಂತ್ರದ ಬಗ್ಗೆ ಇದಕ್ಕಿಂತ ಸರಿಯಾದ ವರ್ಣನೆ ಬೇಕಿಲ್ಲ.

ವರದಿ ಅಂದೇ ಸಿಗುವುದಿಲ್ಲ, ಮಾರನೆಯ ದಿನ ಎಂದರು. ಇದನ್ನು ಕೊರತೆಯೆಂದು ಎಣಿಸುವವರು ಇರಬಹುದು. ಮಾರನೆಯ ದಿನ ವೈದ್ಯೆ ನಮ್ಮನ್ನು ಒಳಗೆ ಕರೆದು ಕೂರಿಸಿಕೊಂಡು ಚಿತ್ರಗಳನ್ನು ತೋರಿಸಿದರು; ನಾನು ಇದೇ ಕಸುಬಿನವಳೆಂದು ತಿಳಿದದ್ದರಿಂದ ಈ ಸೌಲಭ್ಯ ಸಿಕ್ಕಿತೋ, ಎಲ್ಲರಿಗೂ ತೋರಿಸುತ್ತಾರೋ, ಕೇಳಲಿಲ್ಲ. ಒಂದು ಪರದೆಯಲ್ಲಿ ಹೊಸ ಸ್ಕ್ಯಾನ್, ಇನ್ನೊಂದರಲ್ಲಿ ಮೊದಲ ಸೆಂಟರಿನ ಸಿ.ಡಿ., ಗೋಡೆಯ ವ್ಯೂ ಬಾಕ್ಸಿನ ಮೇಲೆ ಹಳೆಯ ಮ್ಯಾಮೊಗ್ರಾಂ. ಮೂರನ್ನೂ ಒಟ್ಟಿಗೆ ಇಟ್ಟುಕೊಂಡು ಓದಿದ ಆ ಒಂದು ಕೆಲಸಕ್ಕೇ ಈ ಸೆಂಟರಿಗೆ ನಾನು ಹೆಚ್ಚಿನ ಅಂಕ ಕೊಡುತ್ತೇನೆ.

ಮೊದಲು ಹಳೆಯ ಸ್ಕ್ಯಾನಿನ ಸಬ್‌ಟ್ರಾಕ್ಷನ್ ಚಿತ್ರಗಳನ್ನು ತೆರೆದರು. ಕಾಂಟ್ರಾಸ್ಟ್ ಆದಮೇಲಿನ ಚಿತ್ರದಿಂದ ಮೊದಲಿನ ಚಿತ್ರವನ್ನು ಕಳೆದರೆ ಬೆಳಗುವ ಭಾಗ ಮಾತ್ರ ಉಳಿಯಬೇಕು ಎಂಬುದು ಇದರ ಲೆಕ್ಕ. ನಡುವೆ ರೋಗಿ ಎರಡು ಮಿಲಿಮೀಟರ್ ಸರಿದರೂ ಸಾಕು, ಎರಡು ಚಿತ್ರಗಳು ಒಂದರ ಮೇಲೊಂದು ಕೂರುವುದಿಲ್ಲ. ಕೊಬ್ಬು ಮತ್ತು ಗ್ರಂಥಿ ಸೇರುವ ಅಂಚಿನಲ್ಲಿ ಒಂದು ಮಗ್ಗುಲಿಗೆ ಬಿಳಿ ಗೆರೆ, ಎದುರು ಮಗ್ಗುಲಿಗೆ ಕಪ್ಪು ಗೆರೆ ಹುಟ್ಟುತ್ತದೆ. ಹಳೆಯ ಸ್ಕ್ಯಾನಿನಲ್ಲಿ ಚರ್ಮದ ಗುಂಟವೂ ಅಂಥ ಜೋಡಿ ಗೆರೆಗಳಿದ್ದವು. ಹಿಂದಿನ ವರದಿಯ ಚುಕ್ಕೆಗಳಲ್ಲಿ ಕೆಲವು ಇವೇ. ವೈದ್ಯೆ ಪ್ರತಿಯೊಂದಕ್ಕೂ ಕಳೆಯುವ ಮೊದಲಿನ ಮೂಲ ಚಿತ್ರವನ್ನು ತೆರೆದು, ಅಲ್ಲಿ ಏನೂ ಇಲ್ಲವೆಂದು ತೋರಿಸಿದರು. ಮಿಕ್ಕ ಚುಕ್ಕೆಗಳು ಹೊಸ ಸ್ಕ್ಯಾನಿನಲ್ಲಿ ಇರಲೇ ಇಲ್ಲ. ಹಿನ್ನೆಲೆಯ ಬೆಳಗು ಅತಿಯಿಂದ ಸ್ವಲ್ಪಕ್ಕೆ ಇಳಿದಿತ್ತು.

ಎಡಗಡೆಯ ಗಂಟು ಉಳಿದಿತ್ತು. ಮೇಲ್ಭಾಗದಲ್ಲಿ, ಕಂಕುಳಿನ ಕಡೆಗೆ, 6 ಮಿಲಿಮೀಟರ್. ಹೊತ್ತು ಕಳೆದಂತೆ ಬೆಳಗು ಹೇಗೆ ಬದಲಾಗುತ್ತದೆಂದು ತೋರಿಸುವ ಕಂಪ್ಯೂಟರ್ ಗ್ರಾಫಿನಲ್ಲಿ ಅದು ಬೇಗ ಏರಿ ಬೇಗ ಇಳಿಯುವ ಗೆರೆ. ಗ್ರಾಫುಗಳಲ್ಲಿ ಮೂರು ಬಗೆ: ನಿಧಾನವಾಗಿ ಏರುತ್ತಲೇ ಹೋಗುವುದು, ಏರಿ ಸಮನಾಗುವುದು, ಏರಿ ಇಳಿಯುವುದು. ಮೂರನೆಯದು ಕ್ಯಾನ್ಸರಿನಲ್ಲಿ ಹೆಚ್ಚಾಗಿ ಕಾಣುತ್ತದೆಂಬುದು ನಿಜ. ಆದರೆ ಸ್ತನದೊಳಗಿನ ಸಾಮಾನ್ಯ ದುಗ್ಧಗ್ರಂಥಿಯೂ (ಲಿಂಫ್ ನೋಡ್, ಹಾಲಿನ ಗ್ರಂಥಿಯಲ್ಲ) ಹಾಗೆಯೇ ಏರಿಳಿಯುತ್ತದೆ. ವೈದ್ಯೆ ಕೊಬ್ಬಿನ ಹೊಳಪನ್ನು ಅಳಿಸದೆ ತೆಗೆದ ಚಿತ್ರಕ್ಕೆ ಹೋಗಿ ಅದೇ ಗಂಟನ್ನು ದೊಡ್ಡದು ಮಾಡಿದರು. ಅವರೆಕಾಳಿನ ಆಕಾರ, ಒಂದು ಬದಿಗೆ ಕಚ್ಚು, ಆ ಕಚ್ಚಿನೊಳಗೆ ಕೊಬ್ಬಿನ ಹೊಳಪು, ಪಕ್ಕದಲ್ಲೇ ಹಾದುಹೋಗುವ ರಕ್ತನಾಳ. ದುಗ್ಧಗ್ರಂಥಿಗೆ ಇದಕ್ಕಿಂತ ಗುರುತು ಬೇಡ. ಮ್ಯಾಮೊಗ್ರಾಂನಲ್ಲಿಯೂ ಅದು ಅಲ್ಲೇ, ಅಷ್ಟೇ ಗಾತ್ರದಲ್ಲಿತ್ತು. ಹಳೆಯ ಫಿಲ್ಮ್ ಒಮ್ಮೆ ನೋಡಿದ್ದರೆ ಹದಿನೈದು ದಿನ ನಮ್ಮ ಮನೆಯಲ್ಲಿ ಒಲೆ ನೆಟ್ಟಗೆ ಉರಿಯುತ್ತಿತ್ತು.

ಆಮೇಲೆ ಬಲಗಡೆಗೆ ಬಂದರು. ಕೆಳಭಾಗದಲ್ಲಿ, ಮೊಲೆತೊಟ್ಟಿನ ದಿಕ್ಕಿಗೆ ಮುಖಮಾಡಿ, ಸುಮಾರು 22 ಮಿಲಿಮೀಟರ್ ಉದ್ದಕ್ಕೆ, ಮಂಡಕ್ಕಿ ಕಾಳುಗಳು ಒಂದಕ್ಕೊಂದು ಅಂಟಿ ಸಾಲಾಗಿ ನಿಂತಂತೆ ಒಂದು ಬೆಳಗು. ಮೊದಲ ವರದಿಯಲ್ಲಿ ಇದರ ಸುದ್ದಿಯೇ ಇಲ್ಲ. ಹಳೆಯ ಸ್ಕ್ಯಾನಿನ ಅದೇ ಜಾಗ ತೆರೆದರೆ ಸುತ್ತಲ ಗ್ರಂಥಿಯೆಲ್ಲ ಬೆಳಗಿ ಇದು ಅದರೊಳಗೆ ಮುಚ್ಚಿಹೋಗಿತ್ತು. ತಪ್ಪಾದ ದಿನ ತೆಗೆದ ಸ್ಕ್ಯಾನ್ ಇಲ್ಲದ್ದನ್ನು ತೋರಿಸುವುದಷ್ಟೇ ಅಲ್ಲ, ಇರುವುದನ್ನು ನುಂಗುತ್ತದೆ ಎಂಬುದು ನನಗೆ ಪುಸ್ತಕದ ಮಾತಾಗಿ ಗೊತ್ತಿತ್ತು, ಸ್ವಂತ ಮನೆಯವರ ಚಿತ್ರದಲ್ಲಿ ಕಂಡದ್ದು ಅಂದೇ. ಇದರ ಗ್ರಾಫ್ ನಿಧಾನವಾಗಿ ಏರುತ್ತಲೇ ಹೋಗುವ ಬಗೆಯದು, ಸಾಧು ಎನ್ನಿಸುವಂಥದ್ದು. ಗ್ರಾಫ್ ನಂಬಿದವರು ಎಡಗಡೆಯದಕ್ಕೆ ಸೂಜಿ ಹಾಕಿ ಬಲಗಡೆಯದನ್ನು ಬಿಟ್ಟುಬಿಡುತ್ತಿದ್ದರು. ಹಾಲಿನ ನಾಳದ ಹಾದಿ ಹಿಡಿದು, ಕಾಳುಕಾಳಾಗಿ ಹಬ್ಬಿದ ಬೆಳಗಿನಲ್ಲಿ ಆಕಾರ ಮತ್ತು ಹರವು ಮೊದಲು, ಗ್ರಾಫ್ ಕೊನೆಗೆ ಎಂದು ವೈದ್ಯೆ ಹೇಳಿದರು. ಗಂಟಿನ ಯಾವ ಭಾಗದ ಮೇಲೆ ಗುರುತಿಟ್ಟು ಗ್ರಾಫ್ ಬಿಡಿಸುತ್ತೇವೆ ಎಂಬುದರ ಮೇಲೂ ಅದು ಬದಲಾಗುತ್ತದೆ. ನೀರಿನಂಶವನ್ನು ಎತ್ತಿ ತೋರಿಸುವ ಟಿ2 ಎಂಬ ಬಗೆಯ ಚಿತ್ರದಲ್ಲಿ ಬೆಳ್ಳಗಿದ್ದರೆ ಅಪಾಯವಿಲ್ಲ ಎಂಬ ರೂಢಿಯ ಮಾತೂ ಇದೇ ಜಾತಿಯದು. ನೀರ್ಗಂಟು, ದುಗ್ಧಗ್ರಂಥಿಗಳ ಜೊತೆಗೆ ಲೋಳೆ ತುಂಬಿದ ಕ್ಯಾನ್ಸರ್ ಕೂಡ ಅಲ್ಲಿ ಬೆಳ್ಳಗೇ ಕಾಣುತ್ತದೆ.

ಅದೇ ದಿನ ಅವರೇ ಅಲ್ಟ್ರಾಸೌಂಡ್ ಮಾಡಿದರು. ಬೋರಲು ಮಲಗಿದಾಗಿನ ಜಾಗ ಅಂಗಾತ ಮಲಗಿದಾಗ ಸರಿಯುವುದರಿಂದ, ಎಂಆರ್‌ಐ ನೋಡಿದವರೇ ಹುಡುಕಿದರೆ ಸಿಗುವ ಸಂಭವ ಹೆಚ್ಚು. ಎಡಗಡೆಯ ದುಗ್ಧಗ್ರಂಥಿ ಸಿಕ್ಕಿತು, ಬಲಗಡೆ ಏನೂ ಸಿಗಲಿಲ್ಲ. ನಾನು ಕಾತರದಿಂದ ಕಾಯುತ್ತಿದ್ದದ್ದು ಈ ಹಂತಕ್ಕೆ, ಏಕೆಂದರೆ ಇಲ್ಲಿ ಎಷ್ಟೋ ವರದಿಗಳು ಅಲ್ಟ್ರಾಸೌಂಡಿನಲ್ಲಿ ಕಾಣದ್ದರಿಂದ ಚಿಂತೆಯಿಲ್ಲ ಎಂದು ಮುಗಿದುಬಿಡುತ್ತವೆ. ಇವರು ಮ್ಯಾಮೊಗ್ರಾಂ ಮುಂದೆ ಭೂತಗನ್ನಡಿ ಹಿಡಿದು ನಿಂತರು. ಅದೇ ಜಾಗದಲ್ಲಿ ರವೆಯಂಥ ನಾಲ್ಕಾರು ಸುಣ್ಣದ ಕಣಗಳು. ಆಮೇಲೆ ಬರೆದ ವರದಿಯಲ್ಲಿ, ಅಲ್ಟ್ರಾಸೌಂಡಿನಲ್ಲಿ ಕಾಣದಿದ್ದರೂ ಬಲಗಡೆಯದಕ್ಕೆ ಬಯಾಪ್ಸಿ ಆಗಲೇಬೇಕು ಎಂದು ಸ್ಪಷ್ಟವಾಗಿ ಇತ್ತು. ಒಂದು ವೇಳೆ ಎಂಆರ್‌ಐಯಲ್ಲಿ ಏನೂ ಬೆಳಗದಿದ್ದು ಮ್ಯಾಮೊಗ್ರಾಂನ ಸುಣ್ಣದ ಕಣಗಳು ಅನುಮಾನಾಸ್ಪದವಾಗಿದ್ದರೂ ಬಯಾಪ್ಸಿ ಬಿಡುವಂತಿಲ್ಲ, ಏಕೆಂದರೆ ನಾಳದೊಳಗಿನ ಆರಂಭದ ಕ್ಯಾನ್ಸರ್ ಎಲ್ಲ ಸಲವೂ ಕಾಂಟ್ರಾಸ್ಟ್ ಹೀರುವುದಿಲ್ಲ.

ವರದಿ ಎರಡು ಪುಟ. ಹಿನ್ನೆಲೆಯ ಬೆಳಗಿನ ಮಟ್ಟ, ಮುಟ್ಟಿನ ಎಷ್ಟನೆಯ ದಿನ, ಯಾವ ಹಳೆಯ ಚಿತ್ರಗಳೊಡನೆ ಹೋಲಿಸಿದೆ, ಗಂಟುಗಳ ಜಾಗ ಮತ್ತು ಅಳತೆ, ಕಂಕುಳು, ಎದೆಮೂಳೆ, ಚಿತ್ರದಲ್ಲಿ ಸಿಕ್ಕಷ್ಟು ಪಿತ್ತಜನಕಾಂಗ, ಎಲ್ಲಕ್ಕೂ ಒಂದೊಂದು ಸಾಲು. ಕಣ್ಣಿಗೆ ಒಂದು ಗಂಟು ಬಿದ್ದ ಕೂಡಲೇ ಉಳಿದದ್ದನ್ನು ನೋಡದೆ ಬಿಡುವುದು ಓದುವವರ ಹಳೆಯ ಜಾಡ್ಯ, ಅದಕ್ಕೆ ಇಂಥ ಪಟ್ಟಿಯೇ ಮದ್ದು. ಎಡಕ್ಕೆ ಬೈ-ರಾಡ್ಸ್ 2 (ಕ್ಯಾನ್ಸರ್ ಅಲ್ಲ), ಬಲಕ್ಕೆ 4 ಎಂದು ಬೇರೆಬೇರೆಯಾಗಿ ಕೊಟ್ಟಿದ್ದರು. ಈ 4 ಎಂಬ ಅಂಕಿಯನ್ನು ಕಂಡು ಮನೆಯವರು ಕಂಗಾಲಾಗುವುದು ಸಹಜ; ಆದರೆ ಕ್ಯಾನ್ಸರಿನ ಸಂಭವ ಶೇ 2ಕ್ಕಿಂತ ಹೆಚ್ಚು, ಶೇ 95ಕ್ಕಿಂತ ಕಡಿಮೆ ಇರುವುದೆಲ್ಲ ಅದೇ 4ರೊಳಗೆ ಬರುತ್ತದೆ. ಅಷ್ಟು ಅಗಲದ ಅಂಕಿಯನ್ನು ಎರಡೂ ಸ್ತನಗಳಿಗೆ ಸೇರಿಸಿ ಒಂದೇ ಸಾಲಿನಲ್ಲಿ ಬರೆದುಕೊಟ್ಟರೆ, ನಮ್ಮ ಅಣ್ಣನಂಥವರು ಎರಡನ್ನೂ ತೆಗೆಸುವ ಮಾತಾಡದೆ ಇನ್ನೇನು ಮಾಡಿಯಾರು?

ಅಣ್ಣ ಅದೇ ಪ್ರಶ್ನೆಯನ್ನು ವೈದ್ಯೆಗೂ ಕೇಳಿದ. ಎಂಆರ್‌ಐಯಲ್ಲಿ ಕಂಡದ್ದನ್ನು ಬಯಾಪ್ಸಿಯಿಲ್ಲದೆ ಆಪರೇಷನ್ನಿಗೆ ಆಧಾರ ಮಾಡಬಾರದು ಎಂದಷ್ಟೇ ಅವರು ಹೇಳಿದರು. ನಾನು ಮನೆಗೆ ಹೋದಮೇಲೆ ಅವನಿಗೆ ಇನ್ನೂ ಸ್ವಲ್ಪ ಬಿಡಿಸಿ ಹೇಳಿದೆ. ಬ್ರಿಟನ್ನಿನಲ್ಲಿ 1,623 ಹೆಂಗಸರ ಮೇಲೆ ನಡೆದು 2010ರಲ್ಲಿ ಪ್ರಕಟವಾದ ಕಾಮಿಸ್ ಅಧ್ಯಯನದಲ್ಲಿ, ಆಪರೇಷನ್ನಿಗೆ ಮುಂಚೆ ಎಂಆರ್‌ಐ ಮಾಡಿಸಿಕೊಂಡವರಲ್ಲಿಯೂ ಮಾಡಿಸಿಕೊಳ್ಳದವರಲ್ಲಿಯೂ ಮತ್ತೆ ಆಪರೇಷನ್ ಬೇಕಾದವರ ಪ್ರಮಾಣ ಒಂದೇ ಆಗಿತ್ತು, ಶೇ 19. ಹಾಗೆಂದು ಈ ಸ್ಕ್ಯಾನ್ ಕೆಲಸಕ್ಕೆ ಬಾರದ್ದಲ್ಲ. ಅತಿ ದಟ್ಟ ಸ್ತನವಿರುವವರನ್ನೇ ಆರಿಸಿಕೊಂಡು ನೆದರ್ಲೆಂಡ್ಸಿನಲ್ಲಿ ನಡೆದ, 2019ರಲ್ಲಿ ಪ್ರಕಟವಾದ ಡೆನ್ಸ್ ಅಧ್ಯಯನದಲ್ಲಿ, ಎರಡು ತಪಾಸಣೆಗಳ ನಡುವೆ ತಲೆಯೆತ್ತುವ ಕ್ಯಾನ್ಸರ್ ಸಾವಿರಕ್ಕೆ 5ರಿಂದ ಎಂಆರ್‌ಐ ಗುಂಪಿನಲ್ಲಿ 2.5ಕ್ಕೆ ಇಳಿಯಿತು. ಅದೇ ಅಧ್ಯಯನದಲ್ಲಿ ಸಾವಿರ ಸ್ಕ್ಯಾನಿಗೆ ಸುಮಾರು 80 ಸುಳ್ಳು ಎಚ್ಚರಿಕೆಗಳೂ ಬಂದಿದ್ದವು. ಅನುಭವಿಗಳು, ಒಳ್ಳೆಯ ಯಂತ್ರದಲ್ಲಿ, ಕ್ರಮವಾಗಿ ಮಾಡಿದಾಗಲೂ ಇಷ್ಟು.

ಕೊರತೆಗಳು ಇನ್ನೂ ಇವೆ. ಎಂಆರ್‌ಐಯಲ್ಲೇ ನೋಡಿಕೊಂಡು ಸೂಜಿ ಹಾಕುವ ವ್ಯವಸ್ಥೆಯಾಗಲಿ, ಮ್ಯಾಮೊಗ್ರಾಂ ಯಂತ್ರದ ನೆರವಿನ ಬಯಾಪ್ಸಿಯಾಗಲಿ ಈ ಸೆಂಟರಿನಲ್ಲಿಲ್ಲ. ಅತ್ತಿಗೆ ಬೆಂಗಳೂರಿಗೇ ಹೋಗಬೇಕಾಯಿತು. ಅಡಿಕೆ ಕೊಯ್ಲಿನ ಕಾಲದಲ್ಲಿ ಎರಡು ಸಲ ಹೋಗಿಬರುವುದು ಅಣ್ಣನಿಗೆ ಸುಲಭವಾಗಿರಲಿಲ್ಲ. ಸ್ಕ್ಯಾನಿನ ಶುಲ್ಕ ಒಂದು, ಕಾಂಟ್ರಾಸ್ಟಿನದು ಬೇರೆ ಎಂಬುದನ್ನು ಬಿಲ್ ಕೊಡುವಾಗ ಹೇಳಿದರೇ ಹೊರತು ಫೋನಿನಲ್ಲಿ ಹೇಳಲಿಲ್ಲ. ಸಿ.ಡಿ. ಕೇಳಿದವರಿಗೆ ಮಾತ್ರ ಕೊಡುತ್ತಾರೆ, ಕೇಳದವರಿಗೆ ನಾಲ್ಕು ಫಿಲ್ಮ್ ಸುತ್ತಿ ಕಳಿಸುತ್ತಾರೆ. ನೂರಾರು ಚಿತ್ರಗಳ ಈ ಪರೀಕ್ಷೆಯಲ್ಲಿ ನಾಲ್ಕು ಫಿಲ್ಮ್‌ನಿಂದ ಯಾರಿಗೂ ಏನೂ ತಿಳಿಯದು. ನಾನು ಕೇಳಿ ಪಡೆದ ಸಿ.ಡಿ.ಯಲ್ಲಿ ಸಬ್‌ಟ್ರಾಕ್ಷನ್ ಮತ್ತು ಮೂಲ ಚಿತ್ರ ಎರಡೂ ಇದ್ದುದರಿಂದ ಬೆಂಗಳೂರಿನಲ್ಲಿ ಮತ್ತೊಮ್ಮೆ ಸ್ಕ್ಯಾನ್ ಮಾಡಿಸುವುದು ತಪ್ಪಿತು.

ಬಯಾಪ್ಸಿಯಲ್ಲಿ ಬಂದದ್ದು ಹಾಲಿನ ನಾಳದೊಳಗೇ ಇರುವ, ಹೊರಗೆ ಹರಡದ ಆರಂಭದ ಕ್ಯಾನ್ಸರ್, ಡಿಸಿಐಎಸ್. ಎಂಆರ್‌ಐ 22 ಮಿಲಿಮೀಟರ್ ಎಂದಿತ್ತು, ತೆಗೆದ ಮೇಲೆ ಪೆಥಾಲಜಿಯವರು ಅಳೆದದ್ದು 18. ಸ್ತನ ಉಳಿಯಿತು. ಎಡಗಡೆ ಯಾರೂ ಮುಟ್ಟಲಿಲ್ಲ. ಕಳೆದ ತಿಂಗಳು ವರದಿಯ ಇನ್ನೊಂದು ಪ್ರತಿಗಾಗಿ ಈ ಸೆಂಟರಿಗೆ ಹೋಗಿದ್ದೆ. ಫಾರಂನ ಎಲ್ಲ ಪ್ರಶ್ನೆಗಳನ್ನೂ ಕನ್ನಡದಲ್ಲಿ ಬರೆದು ನಾನು ಅವರಿಗೆ ಕೊಟ್ಟು ಮೂರು ತಿಂಗಳಾಗಿತ್ತು, ಅಚ್ಚು ಹಾಕಿಸುತ್ತೇವೆ ಎಂದಿದ್ದರು. ಕೌಂಟರಿನಲ್ಲಿ ಅದೇ ಇಂಗ್ಲಿಷ್ ಫಾರಂ ಇತ್ತು. ಹುಡುಗಿ ಜಗಳೂರು ಕಡೆಯ ಒಬ್ಬ ಹೆಂಗಸನ್ನು ಮುಟ್ಟಿನ ದಿನ ಕೇಳುತ್ತಿದ್ದಳು, ಈ ಸಲ ಕಿಂಡಿಯಿಂದಲ್ಲ, ಕೌಂಟರಿನಿಂದ ಎದ್ದು ಬಂದು ಬೆಂಚಿನ ಪಕ್ಕದಲ್ಲಿ ಕುಳಿತು.